ಮದುವೆ ಡಿವಿಡಿ ಪೆನ್ ಡ್ರೈವ್‌ಗೆ ಹಾಕಿಸ್ತಿದ್ದೀರಾ? ಮುಖ್ಯ ವಿಡಿಯೋ ಯಾವುದು, ಫ್ರೇಮ್ ರೇಟ್ ಎಷ್ಟು ಅಂತ ಮೊದಲು ನೋಡ್ಕೊಳ್ಳಿ

ನಮ್ಮ ತಾಲೂಕಿನಲ್ಲಿ 2005ರಿಂದ 2015ರ ಮಧ್ಯೆ ಮದುವೆ ಆದವರ ಮನೆ ಬೀರು ತೆಗೆದರೆ ಸೀರೆ ಕೆಳಗೆ ಒಂದು ಡಿವಿಡಿ ಡಬ್ಬ ಇದ್ದೇ ಇರುತ್ತೆ. ಮೇಲೆ ಗಂಡು ಹೆಣ್ಣಿನ ಫೋಟೋ, ಸುತ್ತ ಗುಲಾಬಿ ಹೂವು, ಕೆಳಗೆ ಸ್ಟುಡಿಯೋ ಹೆಸರು. ಈಗ ಅದನ್ನು ಹಾಕಿ ನೋಡೋಕೆ ಪ್ಲೇಯರ್ ಇಲ್ಲ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಡಿವಿಡಿ ಹಾಕುವ ಜಾಗವೇ ಇಲ್ಲ. ಹಾಗಾಗಿ ಜನ ಸ್ಟುಡಿಯೋಗೋ, ಮೊಬೈಲ್ ಅಂಗಡಿಗೋ, ಝೆರಾಕ್ಸ್ ಅಂಗಡಿಗೋ ಕೊಟ್ಟು ಪೆನ್ ಡ್ರೈವ್‌ಗೆ ಹಾಕಿಸಿಕೊಳ್ತಿದ್ದಾರೆ. ಒಳ್ಳೆಯದೇ. ಆದರೆ ಹಾಕಿಸುವಾಗ ಎರಡು ವಿಷಯ ತಪ್ಪಿದರೆ ಅರ್ಧ ಮದುವೆ ಮಾಯ ಆಗುತ್ತೆ, ಇಲ್ಲಾ ಮಾತು ಒಂದು ಕಡೆ ಬಾಯಿ ಒಂದು ಕಡೆ ಆಗುತ್ತೆ.

ಆ ಎರಡು ವಿಷಯ ಇವು: ಡಿಸ್ಕ್‌ನಲ್ಲಿ ಮುಖ್ಯ ವಿಡಿಯೋ ಯಾವುದು, ಮತ್ತು ಅದರ ಫ್ರೇಮ್ ರೇಟ್ ಎಷ್ಟು. ಡಿಸ್ಕ್ ಕೊಡುವವರಿಗೂ ಗೊತ್ತಿರಬೇಕು, ಕೆಲಸ ಮಾಡಿಕೊಡುವ ಅಂಗಡಿಯವರಿಗೂ ಗೊತ್ತಿರಬೇಕು ಅಂತ ಈ ಬರಹ.

ನಮ್ಮ ಮನೆಯಲ್ಲೇ ಆಗಿದ್ದು

ಅಕ್ಕನ ಮದುವೆ ಆಗಿದ್ದು 2009ರಲ್ಲಿ. ಡಿವಿಡಿ ಒಂದೇ ಇತ್ತು. ಹೋದ ವರ್ಷ ಅಮ್ಮ ಅದನ್ನು ಒಂದು ಅಂಗಡಿಗೆ ಕೊಟ್ಟು ಪೆನ್ ಡ್ರೈವ್‌ಗೆ ಹಾಕಿಸಿದರು. ಟಿವಿಗೆ ಚುಚ್ಚಿ ಎಲ್ಲರೂ ಕೂತು ನೋಡಿದೆವು. ವರಪೂಜೆ, ಆರತಕ್ಷತೆ, ಧಾರೆ, ಗಟ್ಟಿಮೇಳ ಎಲ್ಲಾ ಬಂತು. ಅಕ್ಷತೆ ಹಾಕಿದ ಮೇಲೆ ವಿಡಿಯೋ ಮುಗಿದೇ ಹೋಯ್ತು.

ಅಮ್ಮ ಕಾಯ್ತಾ ಇದ್ದದ್ದು ಅದರ ಮುಂದಿನದಕ್ಕೆ. ಹೆಣ್ಣು ಒಪ್ಪಿಸುವಾಗ ನಮ್ಮ ತಾತ ಭಾವನ ಕೈ ಹಿಡ್ಕೊಂಡು ನಾಲ್ಕು ಮಾತು ಆಡಿದ್ದರು. ತಾತ 2013ರಲ್ಲಿ ಹೋದರು. ಅವರ ದನಿ ಇರೋದು ಆ ಡಿಸ್ಕ್‌ನಲ್ಲಿ ಮಾತ್ರ. ಅಂಗಡಿಯವರನ್ನ ಕೇಳಿದರೆ "ಇದ್ದಿದ್ದು ಅಷ್ಟೇ ಅಮ್ಮಾ, ಡಿಸ್ಕ್ ಹಳೇದಲ್ವಾ, ಹಾಳಾಗಿರುತ್ತೆ" ಅಂದರಂತೆ. ಅಮ್ಮ ನಂಬಿದ್ದರು. ಡಿಸ್ಕ್ ಹೇಗೂ ಹಾಳಾಗಿದೆ, ಎಸೆದುಬಿಡೋಣ ಅಂತ ಹಳೇ ಪೇಪರ್ ಜೊತೆ ಇಟ್ಟಿದ್ದರು.

ನಾನು ಡಿಗ್ರಿ ಅರ್ಧಕ್ಕೆ ಬಿಟ್ಟ ಮೇಲೆ ಒಂದು ವರ್ಷ ಸ್ಟುಡಿಯೋ ಒಂದರಲ್ಲಿ ಎಡಿಟಿಂಗ್ ಕೆಲಸ ಮಾಡಿದ್ದೆ. ಆ ಅನುಭವದ ಮೇಲೆ ಡಿಸ್ಕ್ ಹಾಕಿ ನೋಡಿದೆ. ಡಿಸ್ಕ್ ಚೆನ್ನಾಗೇ ಇತ್ತು. ಅದರಲ್ಲಿ ಮೂರು ವಿಡಿಯೋ ಇದ್ದವು:

- ಮೊದಲನೆಯದು 40 ಸೆಕೆಂಡ್: ಸ್ಟುಡಿಯೋದವರ ಜಾಹೀರಾತು
- ಎರಡನೆಯದು 1 ಗಂಟೆ 22 ನಿಮಿಷ: ವರಪೂಜೆಯಿಂದ ಧಾರೆವರೆಗೆ
- ಮೂರನೆಯದು 31 ನಿಮಿಷ: ಊಟ, ಹೆಣ್ಣು ಒಪ್ಪಿಸುವ ಶಾಸ್ತ್ರ, ಬೀಳ್ಕೊಡುಗೆ

ಅಂಗಡಿಯ ಸಾಫ್ಟ್‌ವೇರ್ ಉದ್ದ ಇರೋದನ್ನೇ "ಮುಖ್ಯ ವಿಡಿಯೋ" ಅಂದುಕೊಂಡು ಎರಡನೆಯದನ್ನು ಮಾತ್ರ ತೆಗೆದಿತ್ತು. ಕೆಲಸ ಮಾಡಿದ ಹುಡುಗ ಪಟ್ಟಿ ನೋಡಿರಲಿಲ್ಲ. ತಾತ ಮೂರನೆಯದರಲ್ಲಿದ್ದರು.

ಇದು ಬೇಕಂತ ಮಾಡಿದ ಮೋಸ ಅಲ್ಲ, ಗೊತ್ತಿಲ್ಲದೆ ಆದ ತಪ್ಪು. ಆದರೆ ಡಿಸ್ಕ್ ಎಸೆದಿದ್ದರೆ ಸರಿಪಡಿಸೋಕೆ ದಾರಿ ಇರುತ್ತಿರಲಿಲ್ಲ.

ಡಿವಿಡಿ ಒಳಗೆ ಏನಿರುತ್ತೆ?

ಡಿವಿಡಿಯನ್ನು ಕಂಪ್ಯೂಟರ್‌ನಲ್ಲಿ ತೆಗೆದರೆ "ವಿಡಿಯೋ_ಟಿಎಸ್" ಅನ್ನೋ ಫೋಲ್ಡರ್ ಕಾಣುತ್ತೆ. ಪಕ್ಕದಲ್ಲಿ "ಆಡಿಯೋ_ಟಿಎಸ್" ಅನ್ನೋದೂ ಇರಬಹುದು, ಅದು ಸಾಮಾನ್ಯವಾಗಿ ಖಾಲಿ. ಖಾಲಿ ಇದೆ ಅಂತ ಗಾಬರಿ ಬೇಡ, ವಿಡಿಯೋದ ಆಡಿಯೋ ಕೂಡ ವಿಡಿಯೋ_ಟಿಎಸ್ ಒಳಗೇ ಇರುತ್ತೆ.

ಆ ಫೋಲ್ಡರ್ ಒಳಗೆ ಮೂರು ತರದ ಫೈಲ್‌ಗಳು:

1. ವಿಒಬಿ ಫೈಲ್: ಚಿತ್ರ, ಶಬ್ದ ನಿಜವಾಗಿ ಇರೋದು ಇದರಲ್ಲಿ.
2. ಐಎಫ್‌ಒ ಫೈಲ್: ಇದು ವಿಳಾಸದ ಪುಸ್ತಕ ಇದ್ದ ಹಾಗೆ. ಯಾವ ವಿಡಿಯೋ ಎಲ್ಲಿ ಶುರು, ಎಷ್ಟು ಹೊತ್ತು, ಎಷ್ಟು ಚಾಪ್ಟರ್, ಪಾಲ್ ಇದೆಯೋ ಎನ್‌ಟಿಎಸ್‌ಸಿ ಇದೆಯೋ ಅಂತ ಬರೆದಿರುತ್ತೆ.
3. ಬಿಯುಪಿ ಫೈಲ್: ಐಎಫ್‌ಒ ಫೈಲಿನ ನಕಲು. ಮೂಲ ಓದೋಕೆ ಆಗದಿದ್ದರೆ ಪ್ಲೇಯರ್ ಇದನ್ನು ನೋಡುತ್ತೆ.

ಫೈಲ್ ಹೆಸರಲ್ಲೇ ಅರ್ಧ ವಿಷಯ ಇದೆ. "ವಿಟಿಎಸ್_02_1" ಅಂದರೆ ಎರಡನೇ ಗುಂಪಿನ ಮೊದಲನೇ ತುಂಡು. ಕೊನೆಯ ಅಂಕಿ 0 ಇದ್ದರೆ ಅದು ಆ ಗುಂಪಿನ ಮೆನು, ವಿಡಿಯೋ ಅಲ್ಲ. 1ರಿಂದ 9ರವರೆಗೆ ಇರೋದು ನಿಜವಾದ ವಿಡಿಯೋ. ಒಂದು ಡಿಸ್ಕ್‌ನಲ್ಲಿ ಇಂಥ ಗುಂಪುಗಳು 99ರವರೆಗೆ ಇರಬಹುದು.

ಇಲ್ಲಿ ಮುಖ್ಯವಾದದ್ದು: ಒಂದು ವಿಒಬಿ ಫೈಲ್ 1 ಜಿಬಿಗಿಂತ ದೊಡ್ಡದು ಇರೋ ಹಾಗಿಲ್ಲ. ಅದಕ್ಕೇ ಒಂದೂವರೆ ಗಂಟೆ ವಿಡಿಯೋ ಮೂರು ನಾಲ್ಕು ತುಂಡಾಗಿ ಕೂತಿರುತ್ತೆ. ಇದು ಗೊತ್ತಿಲ್ಲದವರು "ವಿಟಿಎಸ್_01_1" ಒಂದನ್ನೇ ಕಾಪಿ ಮಾಡಿ ಕೊಡ್ತಾರೆ. ಇಪ್ಪತ್ತು ಮೂವತ್ತು ನಿಮಿಷ ಓಡಿ ವಿಡಿಯೋ ಮಧ್ಯದಲ್ಲೇ ನಿಂತುಹೋಗುತ್ತೆ. ನಿಮ್ಮ ಪೆನ್ ಡ್ರೈವ್‌ನಲ್ಲಿ ವಿಡಿಯೋ ಹಾಗೆ ಕಡಿದು ಬಿದ್ದಿದ್ದರೆ ಕಾರಣ ಬಹುಶಃ ಇದೇ.

ಮುಖ್ಯ ವಿಡಿಯೋ ಹುಡುಕೋದು ಹೇಗೆ?

ಮೂರು ದಾರಿ ಇವೆ. ಮೂರೂ ಉಚಿತ.

ಮೊದಲ ದಾರಿ: ಫೈಲ್ ಸೈಜ್ ನೋಡೋದು

ಯಾವ ಸಾಫ್ಟ್‌ವೇರೂ ಬೇಡ. ಫೋಲ್ಡರ್ ತೆಗೆದು ಸೈಜ್ ನೋಡಿ. ಒಂದು ಗುಂಪಿನಲ್ಲಿ ಸುಮಾರು 1 ಜಿಬಿಯ ತುಂಡುಗಳು ಸಾಲಾಗಿ ಇದ್ದು, ಕೊನೆಯದು ಮಾತ್ರ ಚಿಕ್ಕದಿದ್ದರೆ ಅದೇ ದೊಡ್ಡ ವಿಡಿಯೋ. ನಮ್ಮ ಡಿಸ್ಕ್‌ನಲ್ಲಿ 01ನೇ ಗುಂಪಿನಲ್ಲಿ ಒಂದೇ ಸಣ್ಣ ಫೈಲ್, 02ರಲ್ಲಿ ಮೂರು ತುಂಬಿದ ತುಂಡು ಮತ್ತು ಒಂದು ಚಿಕ್ಕದು, 03ರಲ್ಲಿ ಒಂದು ತುಂಬಿದ ತುಂಡು ಮತ್ತು ಒಂದು ಚಿಕ್ಕದು ಇತ್ತು. ಇಷ್ಟು ನೋಡಿದ್ದರೆ ಸಾಕಿತ್ತು, 03 ಖಾಲಿ ಇಲ್ಲ ಅಂತ ಅಲ್ಲೇ ಗೊತ್ತಾಗ್ತಿತ್ತು.

ಎರಡನೇ ದಾರಿ: ವಿಎಲ್‌ಸಿ

ವಿಎಲ್‌ಸಿ ಬಹಳ ಜನರ ಕಂಪ್ಯೂಟರ್‌ನಲ್ಲಿ ಮೊದಲೇ ಇರುತ್ತೆ. ಡಿಸ್ಕ್ ಓಪನ್ ಮಾಡಿ. ಮೇಲೆ "ಪ್ಲೇಬ್ಯಾಕ್" ಮೆನು ಒಳಗೆ "ಟೈಟಲ್" ಅಂತ ಇರುತ್ತೆ. ಡಿವಿಡಿ ಭಾಷೆಯಲ್ಲಿ ಟೈಟಲ್ ಅಂದರೆ ಒಂದು ಪೂರ್ತಿ ವಿಡಿಯೋ. ಒಂದೊಂದನ್ನೇ ಒತ್ತಿ, ಕೆಳಗೆ ಒಟ್ಟು ಸಮಯ ಎಷ್ಟು ತೋರಿಸುತ್ತೆ ನೋಡಿ, ಒಂದು ಕಾಗದದ ಮೇಲೆ ಬರೆದುಕೊಳ್ಳಿ.

ಒಂದು ಎಚ್ಚರಿಕೆ: ವಿಒಬಿ ಫೈಲನ್ನೇ ನೇರವಾಗಿ ಡಬಲ್ ಕ್ಲಿಕ್ ಮಾಡಿದರೆ ತೋರಿಸುವ ಸಮಯ ತಪ್ಪಿರಬಹುದು. ತುಂಡಿನ ಒಳಗೆ ಗಡಿಯಾರ ಮತ್ತೆ ಸೊನ್ನೆಯಿಂದ ಶುರು ಆಗಿರುತ್ತೆ. ಸರಿಯಾದ ಸಮಯ ಬೇಕಂದರೆ ಡಿಸ್ಕನ್ನು ಅಥವಾ ಪೂರ್ತಿ ಫೋಲ್ಡರನ್ನು ಓಪನ್ ಮಾಡಬೇಕು. ಆಗ ಐಎಫ್‌ಒ ಫೈಲ್ ಓದಿ ಸರಿಯಾದ ಲೆಕ್ಕ ಹೇಳುತ್ತೆ.

ಮೂರನೇ ದಾರಿ: ಹ್ಯಾಂಡ್‌ಬ್ರೇಕ್ ಅಥವಾ ಮೇಕ್‌ಎಂಕೆವಿ

ಕನ್ವರ್ಟ್ ಮಾಡುವ ಅಂಗಡಿಗಳು ಹೆಚ್ಚಾಗಿ ಇಂಥದ್ದನ್ನೇ ಬಳಸೋದು. ಡಿಸ್ಕ್ ಸ್ಕ್ಯಾನ್ ಆದ ಮೇಲೆ ಹ್ಯಾಂಡ್‌ಬ್ರೇಕ್‌ನಲ್ಲಿ "ಟೈಟಲ್" ಅಂತ ಒಂದು ಪಟ್ಟಿ ಬರುತ್ತೆ, ಪ್ರತಿಯೊಂದರ ಮುಂದೆ ಗಂಟೆ, ನಿಮಿಷ ಇರುತ್ತೆ. ಮುಖ್ಯ ವಿಡಿಯೋ ಅಂತ ಅದಕ್ಕೆ ಅನ್ನಿಸಿದ್ದನ್ನು ತಾನೇ ಆಯ್ಕೆ ಮಾಡಿ ಇಟ್ಟಿರುತ್ತೆ. ಎಡವೋದು ಇಲ್ಲೇ. ಪಟ್ಟಿ ಪೂರ್ತಿ ಎಳೆದು ನೋಡಬೇಕು. ಮೇಕ್‌ಎಂಕೆವಿ ಬಳಸುವವರಿಗೆ ಇನ್ನೊಂದು ಮಾತು: ಅದರಲ್ಲಿ ಸೆಟ್ಟಿಂಗ್ ಮುಟ್ಟದಿದ್ದರೆ 120 ಸೆಕೆಂಡ್‌ಗಿಂತ ಚಿಕ್ಕ ಟೈಟಲ್‌ಗಳನ್ನು ಪಟ್ಟಿಗೇ ಸೇರಿಸಲ್ಲ. ಒಂದೂವರೆ ನಿಮಿಷದ ಫೋಟೋ ಆಲ್ಬಂ ಹಾಡು ಬೇಕಿದ್ದರೆ ಆ ಮಿತಿ ಕಡಿಮೆ ಮಾಡಿಕೊಳ್ಳಿ.

"ಉದ್ದದ್ದೇ ಮುಖ್ಯ" ಅನ್ನೋದು ಯಾವಾಗ ತಪ್ಪುತ್ತೆ?

ಸಿನಿಮಾ ಡಿವಿಡಿಯಲ್ಲಿ ಈ ಲೆಕ್ಕ ಸಾಮಾನ್ಯವಾಗಿ ಸರಿ. ಎರಡೂವರೆ ಗಂಟೆದು ಸಿನಿಮಾ, ಉಳಿದ ಸಣ್ಣಪುಟ್ಟದ್ದು ಟ್ರೇಲರ್, ಜಾಹೀರಾತು. ಆದರೆ ಬೇರೆ ಕಡೆ ತಪ್ಪುತ್ತೆ:

ಮದುವೆ, ಗೃಹಪ್ರವೇಶ, ನಾಮಕರಣದ ಡಿಸ್ಕ್: ಇಲ್ಲಿ ಎಲ್ಲವೂ ಮುಖ್ಯವೇ. ಕೆಲವು ಸ್ಟುಡಿಯೋದವರು ಎಲ್ಲಾ ಸೇರಿಸಿ ಒಂದೇ ಟೈಟಲ್ ಮಾಡಿ ಚಾಪ್ಟರ್ ಹಾಕಿರ್ತಾರೆ. ಕೆಲವರು ಚಪ್ಪರ, ಆರತಕ್ಷತೆ, ಮುಹೂರ್ತ ಅಂತ ಬೇರೆ ಬೇರೆ ಟೈಟಲ್ ಮಾಡಿರ್ತಾರೆ. ಡಿವಿಡಿ ಹಾಕಿದಾಗ ಬರುವ ಮೆನುವಿನಲ್ಲಿ ಎಷ್ಟು ಬಟನ್ ಇವೆ ನೋಡಿದರೆ ಅಂದಾಜು ಸಿಗುತ್ತೆ.

ಧಾರಾವಾಹಿ, ನಾಟಕ, ಹರಿಕಥೆ ಡಿಸ್ಕ್: "ಎಲ್ಲಾ ಪ್ಲೇ ಮಾಡು" ಅನ್ನೋ ಒಂದು ಉದ್ದದ ಟೈಟಲ್ ಇದ್ದು, ಅದೇ ಭಾಗಗಳು ಮತ್ತೆ ಬಿಡಿಬಿಡಿ ಟೈಟಲ್ ಆಗಿ ಕಾಣಬಹುದು. ವಿಡಿಯೋ ಇರೋದು ಒಂದೇ, ಎರಡು ಬಾಗಿಲಿಂದ ತೋರಿಸುತ್ತೆ ಅಷ್ಟೆ. ಎಲ್ಲಾ ಟಿಕ್ ಮಾಡಿದರೆ ಅದೇ ಎರಡೆರಡು ಸಲ ಬರುತ್ತೆ. ಲೆಕ್ಕ ಸುಲಭ: ಬಿಡಿ ಭಾಗಗಳ ನಿಮಿಷ ಕೂಡಿಸಿದಾಗ ಉದ್ದದ್ದಕ್ಕೆ ಸಮ ಬಂದರೆ ಉದ್ದದ್ದೊಂದೇ ಸಾಕು. ಸಮ ಬರದಿದ್ದರೆ ಬೇರೆ ಬೇರೆ ವಿಡಿಯೋ ಅಂತ ಅರ್ಥ, ಎಲ್ಲಾ ತೆಗೀರಿ.

ಟೈಟಲ್ ನಂಬರ್, ಫೈಲ್ ಗುಂಪಿನ ನಂಬರ್ ಯಾವಾಗಲೂ ಒಂದೇ ಇರಬೇಕು ಅಂತಿಲ್ಲ. ಒಂದೇ ಗುಂಪಿನ ಒಳಗೆ ಎರಡು ಮೂರು ಟೈಟಲ್ ಇರಬಹುದು. ಹಾಗಾಗಿ ಸೈಜ್ ನೋಡೋದು, ಟೈಟಲ್ ಪಟ್ಟಿ ನೋಡೋದು ಎರಡನ್ನೂ ಮಾಡಿ.

ಫ್ರೇಮ್ ರೇಟ್ ಅಂದರೇನು?

ವಿಡಿಯೋ ಅಂದರೆ ಒಂದರ ಹಿಂದೆ ಒಂದು ಓಡುವ ಫೋಟೋಗಳು. ಒಂದು ಸೆಕೆಂಡಿಗೆ ಎಷ್ಟು ಫೋಟೋ ಅನ್ನೋದೇ ಫ್ರೇಮ್ ರೇಟ್. ಡಿವಿಡಿಯಲ್ಲಿ ಎರಡೇ ಪದ್ಧತಿ:

- ಪಾಲ್: ಸೆಕೆಂಡಿಗೆ 25 ಫ್ರೇಮ್, ಚಿತ್ರದ ಅಳತೆ ಸಾಮಾನ್ಯವಾಗಿ 720 ಇಂಟು 576
- ಎನ್‌ಟಿಎಸ್‌ಸಿ: ಸೆಕೆಂಡಿಗೆ 29.97 ಫ್ರೇಮ್, ಅಳತೆ ಸಾಮಾನ್ಯವಾಗಿ 720 ಇಂಟು 480

ನಮ್ಮ ದೇಶದ ಟಿವಿ ಪದ್ಧತಿ ಪಾಲ್. ನಮ್ಮ ಕರೆಂಟ್ 50 ಹರ್ಟ್ಜ್, ಅದರ ಅರ್ಧ 25. 1982ರಲ್ಲಿ ದೂರದರ್ಶನ ಬಣ್ಣಕ್ಕೆ ಬಂದಾಗ ಪಾಲ್ ಪದ್ಧತಿಯಲ್ಲೇ ಬಂತು. ಅಮೆರಿಕ, ಜಪಾನ್‌ಗಳದ್ದು ಎನ್‌ಟಿಎಸ್‌ಸಿ. ಹಾಗಾಗಿ ನಮ್ಮ ಊರ ಕಡೆ ಶೂಟ್ ಮಾಡಿದ ಮದುವೆ ಡಿಸ್ಕ್‌ಗಳು ಹೆಚ್ಚುಕಮ್ಮಿ 25ರಲ್ಲೇ ಇರುತ್ತವೆ. ಅಮೆರಿಕದಲ್ಲಿರೋ ಮಗ ಸೊಸೆ ಅಲ್ಲಿಂದ ಮಾಡಿಸಿ ಕಳಿಸಿದ ಸೀಮಂತದ ಡಿಸ್ಕ್ ಇದ್ದರೆ 29.97 ಇರಬಹುದು. ಅಂಗಡಿಯಲ್ಲಿ ಕೊಂಡ ಸಿನಿಮಾ ಡಿವಿಡಿಗಳಲ್ಲೂ ಎನ್‌ಟಿಎಸ್‌ಸಿ ಇರುವವು ಇವೆ.

ಸಿನಿಮಾ ರೀಲ್‌ನ ಲೆಕ್ಕ ಬೇರೆ, ಸೆಕೆಂಡಿಗೆ 24. ಅದನ್ನು ಪಾಲ್ ಡಿವಿಡಿಗೆ ಹಾಕುವಾಗ ಸಾಮಾನ್ಯವಾಗಿ ಸ್ವಲ್ಪ ಜೋರಾಗಿ ಓಡಿಸಿ 25 ಮಾಡ್ತಾರೆ. ಹಾಗೆ ಮಾಡಿದರೆ 150 ನಿಮಿಷದ ಸಿನಿಮಾ 144 ನಿಮಿಷಕ್ಕೆ ಮುಗಿಯುತ್ತೆ. ಆರು ನಿಮಿಷ ಕಮ್ಮಿ ಇದೆ ಅಂದ ಮಾತ್ರಕ್ಕೆ ಕತ್ತರಿ ಹಾಕಿದ್ದಾರೆ ಅಂತ ಅಲ್ಲ.

ಫ್ರೇಮ್ ರೇಟ್ ನೋಡೋದು ಹೇಗೆ?

ವಿಎಲ್‌ಸಿಯಲ್ಲಿ: ಮುಖ್ಯ ವಿಡಿಯೋ ಓಡ್ತಾ ಇರುವಾಗ ಕೀಬೋರ್ಡ್‌ನಲ್ಲಿ ಕಂಟ್ರೋಲ್ ಜತೆ ಜೆ ಒತ್ತಿ. "ಕೋಡೆಕ್" ಮಾಹಿತಿಯ ಕಿಟಕಿ ಬರುತ್ತೆ. ಅದರಲ್ಲಿ ಫ್ರೇಮ್ ರೇಟ್, ವಿಡಿಯೋ ಅಳತೆ ಎರಡೂ ಇರುತ್ತೆ. ಮೆನು ಓಡುವಾಗ ನೋಡಬೇಡಿ, ಮುಖ್ಯ ವಿಡಿಯೋ ಶುರು ಆದ ಮೇಲೆ ನೋಡಿ.

ಮೀಡಿಯಾಇನ್ಫೋದಲ್ಲಿ: ಇದೊಂದು ಚಿಕ್ಕ ಉಚಿತ ಸಾಫ್ಟ್‌ವೇರ್. ದೊಡ್ಡ ಗುಂಪಿನ ಮೊದಲ ತುಂಡನ್ನು ಅದರ ಮೇಲೆ ಎಳೆದು ಬಿಡಿ. ಫ್ರೇಮ್ ರೇಟ್ 25.000, ಸ್ಟ್ಯಾಂಡರ್ಡ್ ಪಾಲ್, ಸ್ಕ್ಯಾನ್ ಟೈಪ್ ಇಂಟರ್‌ಲೇಸ್ಡ್ ಅಂತ ಸಾಲಾಗಿ ಹೇಳುತ್ತೆ. ಅಂಗಡಿ ಇಟ್ಟವರು ಇದನ್ನು ಹಾಕಿಕೊಂಡಿರೋದು ಒಳ್ಳೆಯದು.

ಯಾವುದೂ ಇಲ್ಲದಿದ್ದರೆ: ಚಿತ್ರದ ಎತ್ತರ ನೋಡಿ. 576 ಇದ್ದರೆ 25. 480 ಇದ್ದರೆ 29.97. ಡಿವಿಡಿ ನಿಯಮವೇ ಹಾಗಿದೆ, ಇದರಲ್ಲಿ ಗೊಂದಲ ಇಲ್ಲ.

480 ಇರುವ ಸಿನಿಮಾ ಡಿಸ್ಕ್‌ನಲ್ಲಿ ಕೆಲವು ಸಲ 23.976 ಅಂತಲೂ ತೋರಿಸಬಹುದು. ಒಳಗೆ ರೀಲ್ ಲೆಕ್ಕದ ಫ್ರೇಮ್‌ಗಳನ್ನೇ ಇಟ್ಟು, ಕೆಲವನ್ನು ಮತ್ತೆ ತೋರಿಸು ಅಂತ ಪ್ಲೇಯರ್‌ಗೆ ಗುರುತು ಹಾಕಿರ್ತಾರೆ. ಪ್ಲೇಯರ್ ಅದನ್ನು 29.97 ಮಾಡಿ ಟಿವಿಗೆ ಕೊಡುತ್ತೆ. ಮದುವೆ ಡಿಸ್ಕ್‌ಗೆ ಈ ತಲೆನೋವು ಇರಲ್ಲ.

ತಪ್ಪು ಫ್ರೇಮ್ ರೇಟ್ ಹಾಕಿದರೆ ಏನಾಗುತ್ತೆ?

ಎರಡು ತರ ಕೆಡುತ್ತೆ.

ಒಂದು, ಎಳೆದೆಳೆದು ಓಡೋದು. ಮೂಲ 25 ಇದ್ದು, ಕನ್ವರ್ಟ್ ಮಾಡುವವರು 30 ಅಂತ ಇಟ್ಟರೆ ಸೆಕೆಂಡಿಗೆ ಐದು ಫ್ರೇಮ್ ಎಲ್ಲಿಂದ ತರಬೇಕು? ಇರೋದನ್ನೇ ಎರಡು ಸಲ ತೋರಿಸುತ್ತೆ. ಪ್ರತಿ ಐದು ಫ್ರೇಮ್‌ಗೆ ಒಂದು ಸಲ ಚಿತ್ರ ಗಕ್ಕನೆ ನಿಂತ ಹಾಗೆ ಆಗುತ್ತೆ. ಮಂಟಪದಿಂದ ಜನರ ಕಡೆ ಕ್ಯಾಮೆರಾ ತಿರುಗಿಸಿದಾಗ ಇದು ಚೆನ್ನಾಗಿ ಗೊತ್ತಾಗುತ್ತೆ. "30 ಅಂದರೆ 25ಕ್ಕಿಂತ ಜಾಸ್ತಿ, ಕ್ವಾಲಿಟಿ ಚೆನ್ನಾಗಿರುತ್ತೆ" ಅಂತ ಹೇಳುವವರಿದ್ದಾರೆ. ಇಲ್ಲದ ಫ್ರೇಮ್ ಹುಟ್ಟಿಬರಲ್ಲ.

ಎರಡು, ಮಾತು ಬಾಯಿ ತಪ್ಪೋದು. ಚಿತ್ರ ಬೇರೆ, ಆಡಿಯೋ ಬೇರೆ ಮಾಡಿ ಮತ್ತೆ ಜೋಡಿಸುವಾಗ ತಪ್ಪು ಅಂಕಿ ಹಾಕಿದರೆ ಹೀಗಾಗುತ್ತೆ. ನಮ್ಮ 82 ನಿಮಿಷದ ವಿಡಿಯೋದಲ್ಲಿ ಒಟ್ಟು 1,23,000 ಫ್ರೇಮ್. ಅದನ್ನು 29.97ರಂತೆ ಓಡಿಸಿದರೆ ಚಿತ್ರ ಸುಮಾರು 68 ನಿಮಿಷಕ್ಕೇ ಮುಗಿಯುತ್ತೆ, ಆಡಿಯೋ 82 ನಿಮಿಷ ಓಡುತ್ತೆ. ಅತ್ತ ತಾಳಿ ಕಟ್ಟಿ ಆಗಿರುತ್ತೆ, ಇತ್ತ ಪುರೋಹಿತರು ಇನ್ನೂ ಮಂತ್ರ ಹೇಳ್ತಾ ಇರ್ತಾರೆ. 23.976 ಅಂತ ಹಾಕಿದರೆ ಚಿತ್ರ ಎಂಬತ್ತೈದೂವರೆ ನಿಮಿಷ ಆಗುತ್ತೆ. ಶುರುವಿನಲ್ಲಿ ಸರಿ ಅನ್ನಿಸಿ ಕೊನೆಗೆ ಹೋಗ್ತಾ ಹೋಗ್ತಾ ಮೂರೂವರೆ ನಿಮಿಷ ಹಿಂದೆ ಬಿದ್ದಿರುತ್ತೆ. ಅಂಗಡಿಯಲ್ಲಿ ಮೊದಲ ಎರಡು ನಿಮಿಷ ತೋರಿಸಿ ಕಳಿಸಿದರೆ ಇದು ಸಿಕ್ಕಿಬೀಳೋದೇ ಇಲ್ಲ.

ಪರೀಕ್ಷೆ ಸುಲಭ. ಮೊದಲ ಐದು ನಿಮಿಷದ ಒಳಗೆ ಯಾರಾದರೂ ಮಾತಾಡುವ ಜಾಗ ನೋಡಿ. ಆಮೇಲೆ ಗಟ್ಟಿಮೇಳ ನೋಡಿ, ಡೋಲಿನವರ ಕೋಲು ಬೀಳೋದು, ಶಬ್ದ ಬರೋದು ಒಟ್ಟಿಗೆ ಇದೆಯಾ? ಆಮೇಲೆ ಕೊನೆಯ ಐದು ನಿಮಿಷ. ಶುರುವಿನಲ್ಲಿ ಸರಿ ಇದ್ದು ಕೊನೆಗೆ ತಪ್ಪಿದರೆ ಮೊದಲು ಅನುಮಾನ ಪಡಬೇಕಾದ್ದು ಫ್ರೇಮ್ ರೇಟ್. ಶುರುವಿಂದ ಕೊನೆವರೆಗೆ ಒಂದೇ ಸಮ ಅರ್ಧ ಸೆಕೆಂಡ್ ತಪ್ಪಿದ್ದರೆ ಅದು ಬೇರೆ ಸಮಸ್ಯೆ, ಆಡಿಯೋವನ್ನು ಅಷ್ಟು ಹಿಂದೆ ಮುಂದೆ ಸರಿಸಿದರೆ ಸರಿಹೋಗುತ್ತೆ.

ಬಾಚಣಿಗೆ ಗೆರೆ ಯಾಕೆ ಬರುತ್ತೆ?

ಇನ್ನೊಂದು ದೂರು ಜಾಸ್ತಿ ಕೇಳ್ತೀವಿ. "ಟಿವಿಯಲ್ಲಿ ಚೆನ್ನಾಗಿತ್ತು, ಕಂಪ್ಯೂಟರ್‌ನಲ್ಲಿ ನೋಡಿದರೆ ಕೈ ಆಡಿಸಿದಾಗ ಗೆರೆ ಗೆರೆ ಬರುತ್ತೆ." ಇದು ಡಿಸ್ಕ್ ಹಾಳಾಗಿದ್ದಲ್ಲ. ಆಗಿನ ಕ್ಯಾಮೆರಾಗಳು ಒಂದು ಫ್ರೇಮನ್ನು ಎರಡು ಅರ್ಧ ಮಾಡಿ ಹಿಡಿಯುತ್ತಿದ್ದವು. ಬೆಸ ಸಾಲು ಒಂದು ಕ್ಷಣ, ಸಮ ಸಾಲು ಮುಂದಿನ ಕ್ಷಣ. ಅಂದರೆ 25 ಫ್ರೇಮ್‌ನಲ್ಲಿ 50 ಅರ್ಧ ಚಿತ್ರ. ಇದಕ್ಕೇ ಇಂಟರ್‌ಲೇಸ್ಡ್ ಅನ್ನೋದು. ಹಳೇ ಡಬ್ಬಾ ಟಿವಿ ಹಾಗೇ ತೋರಿಸ್ತಿತ್ತು. ಕಂಪ್ಯೂಟರ್ ಎರಡನ್ನೂ ಒಟ್ಟಿಗೆ ತೋರಿಸಿದಾಗ ಅಕ್ಷತೆ ಎಸೆಯುವ ಕೈ ಬಾಚಣಿಗೆ ಹಲ್ಲಿನ ಹಾಗೆ ಕಾಣುತ್ತೆ.

ಹ್ಯಾಂಡ್‌ಬ್ರೇಕ್‌ನ "ಫಿಲ್ಟರ್ಸ್" ಭಾಗದಲ್ಲಿ ಡಿಇಂಟರ್‌ಲೇಸ್ ಅಥವಾ ಡಿಕೋಂಬ್ ಆನ್ ಮಾಡಿದರೆ ಗೆರೆ ಹೋಗುತ್ತೆ. ಕನ್ವರ್ಟ್ ಮಾಡುವಾಗಲೇ ಮಾಡಬೇಕು. ಗೆರೆ ಸಮೇತ ಚಿಕ್ಕ ಸೈಜ್‌ಗೆ ಇಳಿಸಿದರೆ ಆಮೇಲೆ ತೆಗೆಯೋಕೆ ಆಗಲ್ಲ. "ಬಾಬ್" ಅನ್ನೋ ಆಯ್ಕೆ ಇಟ್ಟರೆ 50 ಅರ್ಧ ಚಿತ್ರಗಳಿಂದ 50 ಫ್ರೇಮ್ ಮಾಡುತ್ತೆ, ಓಟ ಇನ್ನೂ ನಯವಾಗಿರುತ್ತೆ. ಹೀಗೆ ಮಾಡಿದ ಫೈಲ್ 50 ಅಂತ ತೋರಿಸಿದರೆ ಅದು ತಪ್ಪಲ್ಲ.

ಹಾಗೇ ಮುಖ ದಪ್ಪ ಅಥವಾ ಸಣ್ಣ ಕಂಡರೆ ಅಗಲ ಎತ್ತರದ ಲೆಕ್ಕ ತಪ್ಪಿದೆ ಅಂತ ಅರ್ಥ. ಪಾಲ್ ಡಿವಿಡಿ 720 ಇಂಟು 576 ಇದ್ದರೂ, 4:3 ವಿಡಿಯೋ ಸರಿಯಾಗಿ ಕಾಣಬೇಕಂದರೆ ಸುಮಾರು 768 ಇಂಟು 576 ಆಗಿ ತೋರಿಸಬೇಕು, 16:9 ಆದರೆ 1024 ಇಂಟು 576.

ಅಂಗಡಿಯವರಿಗೆ: ಈ ಕ್ರಮ ಇಟ್ಟುಕೊಳ್ಳಿ

1. ಡಿಸ್ಕನ್ನು ಮೆತ್ತನೆ ಹತ್ತಿ ಬಟ್ಟೆಯಿಂದ ಮಧ್ಯದಿಂದ ಅಂಚಿಗೆ ನೇರವಾಗಿ ಒರೆಸಿ. ಸುತ್ತ ತಿರುಗಿಸಿ ಒರೆಸಬೇಡಿ.
2. ಮೊದಲು ಪೂರ್ತಿ ಡಿಸ್ಕ್‌ನ ಐಎಸ್‌ಒ ನಕಲು ತೆಗೆಯಿರಿ. ಇಮ್ಗ್‌ಬರ್ನ್‌ನಂಥ ಉಚಿತ ಸಾಫ್ಟ್‌ವೇರ್ ಸಾಕು. ಮುಂದಿನ ಕೆಲಸವೆಲ್ಲ ಆ ನಕಲಿನ ಮೇಲೆ. ಹಳೇ ಡಿಸ್ಕನ್ನು ಮತ್ತೆ ಮತ್ತೆ ಓಡಿಸಬೇಡಿ.
3. ಟೈಟಲ್ ಪಟ್ಟಿ ಬರೆದು ಗಿರಾಕಿಗೆ ತೋರಿಸಿ: ಎಷ್ಟು ಟೈಟಲ್, ಒಂದೊಂದು ಎಷ್ಟು ನಿಮಿಷ.
4. ಫ್ರೇಮ್ ರೇಟ್ ನೋಡಿ. ಹ್ಯಾಂಡ್‌ಬ್ರೇಕ್‌ನಲ್ಲಿ "ಮೂಲದಲ್ಲಿ ಇದ್ದಂತೆ" ಅನ್ನೋ ಆಯ್ಕೆ ಇದೆ, ಅದನ್ನೇ ಇಡಿ.
5. ಇಂಟರ್‌ಲೇಸ್ಡ್ ಇದ್ದರೆ ಡಿಇಂಟರ್‌ಲೇಸ್ ಆನ್ ಮಾಡಿ.
6. ಪೆನ್ ಡ್ರೈವ್ ಫ್ಯಾಟ್32 ಇದ್ದರೆ 4 ಜಿಬಿಗಿಂತ ದೊಡ್ಡ ಫೈಲ್ ಕೂರಲ್ಲ. ಒಂದು ಪದರದ ಡಿವಿಡಿ 4.7 ಜಿಬಿ, ಕಂಪ್ಯೂಟರ್ ಲೆಕ್ಕದಲ್ಲಿ ಸುಮಾರು 4.38. ಹಾಗಾಗಿ ಐಎಸ್‌ಒ ಹಾಕಿಕೊಡುವಾಗ ಇದು ಅಡ್ಡ ಬರಬಹುದು, ಎಕ್ಸ್‌ಫ್ಯಾಟ್ ಮಾಡಿಕೊಳ್ಳಿ. ಟಿವಿ ಅದನ್ನು ಓದುತ್ತಾ ಅಂತ ಮೊದಲೇ ನೋಡಿ.
7. ಶುರು, ಮಧ್ಯ, ಕೊನೆ ಮೂರು ಕಡೆ ನೋಡಿ ಕೊಡಿ.

ಗಿರಾಕಿಗಳಿಗೆ: ಅಂಗಡಿಯಲ್ಲಿ ಇಷ್ಟು ಕೇಳಿ

"ಡಿಸ್ಕ್‌ನಲ್ಲಿ ಎಷ್ಟು ಟೈಟಲ್ ಇದೆ? ಒಟ್ಟು ಎಷ್ಟು ನಿಮಿಷ? ಎಲ್ಲಾ ಹಾಕಿದ್ದೀರಾ? ಫ್ರೇಮ್ ರೇಟ್ 25 ಇತ್ತಾ, 25ರಲ್ಲೇ ಮಾಡಿದ್ದೀರಾ?" ಇಷ್ಟು ಕೇಳಿದರೆ ಸಾಕು, ಕೆಲಸ ಮಾಡುವ ಹುಡುಗ ಒಂದು ಸಲ ತಿರುಗಿ ನೋಡ್ತಾನೆ. ಮನೆಗೆ ಹೋಗಿ ಪೂರ್ತಿ ನೋಡುವವರೆಗೆ ಹಳೇ ಡಿಸ್ಕ್ ಎಸೆಯಬೇಡಿ. ನೋಡಿದ ಮೇಲೂ ಎಸೆಯಬೇಡಿ ಅನ್ನೋದು ನನ್ನ ಸಲಹೆ.

ಕೇಳುವ ಪ್ರಶ್ನೆಗಳು

ನಮ್ಮ ಹತ್ತಿರ ಇರೋದು ವಿಸಿಡಿ, ಡಿವಿಡಿ ಅಲ್ಲ. ಏನು ಮಾಡೋದು?
ವಿಸಿಡಿಯಲ್ಲಿ "ಎಂಪಿಇಜಿಎವಿ" ಅನ್ನೋ ಫೋಲ್ಡರ್ ಇರುತ್ತೆ. ಅದರೊಳಗಿನ ಡಿಎಟಿ ಫೈಲ್‌ಗಳೇ ವಿಡಿಯೋ. ಪಾಲ್ ವಿಸಿಡಿ 352 ಇಂಟು 288, ಸೆಕೆಂಡಿಗೆ 25. ಮದುವೆ ಎರಡು ಮೂರು ಡಿಸ್ಕ್‌ಗೆ ಹಂಚಿರುತ್ತೆ, ಎಲ್ಲಾ ಡಿಸ್ಕ್ ಕೊಟ್ಟಿದ್ದೀರಾ ನೋಡಿಕೊಳ್ಳಿ.

ಡಿಸ್ಕ್ ಮಧ್ಯದಲ್ಲಿ ಸಿಕ್ಕಿಹಾಕಿಕೊಳ್ಳುತ್ತೆ. ಆಸೆ ಬಿಡಬೇಕಾ?
ಬೇಡ. ಇನ್ನೊಂದು ಡ್ರೈವ್‌ನಲ್ಲಿ ಹಾಕಿ ನೋಡಿ. ಒಂದು ಡ್ರೈವ್ ಓದದ್ದನ್ನು ಇನ್ನೊಂದು ಓದುವುದುಂಟು. ಸ್ಟುಡಿಯೋದಲ್ಲಿ ಬರೆಸಿದ ಡಿಸ್ಕ್‌ನಲ್ಲಿ ಬಣ್ಣದ ಪದರದ ಮೇಲೆ ಮಾಹಿತಿ ಇರುತ್ತೆ. ಬಿಸಿಲು, ಬಿಸಿ, ತೇವಕ್ಕೆ ಅದು ಕೆಡುತ್ತೆ. ತಡ ಮಾಡಿದಷ್ಟೂ ಕಷ್ಟ.

ಸಿನಿಮಾ ಡಿವಿಡಿಗಳನ್ನೂ ಹೀಗೆ ಹಾಕಿಸಬಹುದಾ?
ಕಂಪನಿ ಡಿಸ್ಕ್‌ಗಳಿಗೆ ಲಾಕ್ ಇರುತ್ತೆ. ಹಕ್ಕು ಇರುವವರ ಒಪ್ಪಿಗೆ ಇಲ್ಲದೆ ಕಾಪಿ ಮಾಡಿ ಮಾರೋದು ಕಾಪಿರೈಟ್ ಕಾಯ್ದೆ ಪ್ರಕಾರ ಅಪರಾಧ. ಅಂಗಡಿಯವರು ಆ ಕೆಲಸಕ್ಕೆ ಕೈ ಹಾಕದಿರೋದೇ ವಾಸಿ. ಈ ಬರಹ ನಿಮ್ಮ ಮನೆಯ ಡಿಸ್ಕ್‌ಗಳಿಗೆ.

ಕೊನೆಗೆ

ಆ ಮೂರನೇ ಟೈಟಲನ್ನು 25ರಲ್ಲೇ ತೆಗೆದು, ಗೆರೆ ಹೋಗಿಸಿ, ಅಮ್ಮನಿಗೆ ತೋರಿಸಿದೆ. 26ನೇ ನಿಮಿಷಕ್ಕೆ ತಾತ ಬರ್ತಾರೆ. ಬಿಳಿ ಪಂಚೆ, ಹೆಗಲ ಮೇಲೆ ಟವೆಲ್. ಭಾವನ ಕೈ ಹಿಡ್ಕೊಂಡು "ಮಗೂನ ಚೆನ್ನಾಗಿ ನೋಡ್ಕೊಳ್ಳಪ್ಪಾ, ಬೈಯೋದಾದ್ರೆ ನನ್ನ ಬೈಯಿ" ಅಂತಾರೆ. ಬಾಯಿಗೂ ಮಾತಿಗೂ ಸರಿಯಾಗಿತ್ತು. ಅಮ್ಮ ಅದೊಂದನ್ನೇ ನಾಲ್ಕು ಸಲ ಹಾಕಿಸಿ ನೋಡಿದರು. ಆಮೇಲೆ ಹಳೇ ಪೇಪರ್ ಕಟ್ಟಿನಿಂದ ತೆಗೆದಿದ್ದ ಆ ಡಬ್ಬವನ್ನು ಮತ್ತೆ ಬೀರುವಿನ ಸೀರೆ ಕೆಳಗೇ ಇಟ್ಟರು.

ನಿಮ್ಮ ಬೀರುವಿನಲ್ಲೂ ಇಂಥ ಡಿಸ್ಕ್ ಇದ್ದರೆ ಈ ವಾರವೇ ತೆಗೆದು ನೋಡಿ. ಟೈಟಲ್ ಎಷ್ಟು, ನಿಮಿಷ ಎಷ್ಟು, ಫ್ರೇಮ್ ರೇಟ್ ಎಷ್ಟು ಅಂತ ಡಬ್ಬದ ಮೇಲೇ ಪೆನ್ನಲ್ಲಿ ಬರೆದಿಡಿ. ಗುರುತಿರುವ ಸ್ಟುಡಿಯೋ, ಮೊಬೈಲ್ ಅಂಗಡಿಯವರಿಗೂ ಈ ಮಾಹಿತಿ ಕಳಿಸಿ.